ಎರಡನೆಯ ಅಡುಗೆಮನೆ

ಯಲಹಂಕದ ಹಳೇ ಊರಿನಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ, ಒಬ್ಬ ಅಕ್ಕ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಿದ್ದರು. ಬಾಗಲಕೋಟೆ ಕಡೆಯವರು. ಗಂಡನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದಾಗ ಇಲ್ಲಿಗೆ ಬಂದು, ಮೊದಲು ಅಕ್ಕಪಕ್ಕದವರಿಗೆ ರೊಟ್ಟಿ ಬಡಿದುಕೊಟ್ಟು, ಆಮೇಲೆ ಡಬ್ಬಿ ಕಳಿಸಿ, ಹಾಗೇ ಬೆಳೆದವರು. ನಾನು ಅಲ್ಲಿ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಯಾವ ಆಫೀಸಿಗೆ ಎಷ್ಟು ಊಟ, ಯಾರಿಗೆ ಈರುಳ್ಳಿ ಬೇಡ, ಯಾವ ಗಾಡಿ ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡಿದೆ, ಇಷ್ಟು ನನ್ನ ಪಾಲು.

ಸೋಲದೇವನಹಳ್ಳಿ ಕಡೆ ಒಂದು ಕಾಲೇಜು ಹಾಸ್ಟೆಲಿನ ಊಟ ಒಪ್ಪಿಕೊಂಡಾಗ, ಅಕ್ಕ ಅಲ್ಲೇ ಶೆಡ್ ಬಾಡಿಗೆಗೆ ಹಿಡಿದು ಎರಡನೆಯ ಅಡುಗೆಮನೆ ತೆರೆದರು. ಪಾತ್ರೆ ತೊಳೆಯುವ ಸದ್ದಿನ ನಡುವೆ ನನ್ನನ್ನು ಕರೆದು, "ಅಲ್ಲಿಂದು ನೀ ನೋಡ್ಕೋಬೇಕವ್ವಾ" ಎಂದರು.

"ನಂಗೆ ಅಡುಗೆ ಬರಲ್ಲ ಅಕ್ಕ."

"ಅಡಿಗಿ ಮಾಡಾಕ ಮಂದಿ ಅದಾರ. ಆ ಮಂದೀನ ನೋಡ್ಕೊಳ್ಳಾಕ ಒಬ್ರು ಬೇಕಾಗ್ಯಾರ."

ಮೊದಮೊದಲು ನಾನು ಎಲ್ಲದಕ್ಕೂ ಅವರಿಗೇ ಫೋನ್ ಮಾಡುತ್ತಿದ್ದೆ. ಬೀನ್ಸ್ ಬಂದಿಲ್ಲ, ಗ್ಯಾಸ್ ಗಾಡಿ ತಡ, ತರಕಾರಿ ಹೆಚ್ಚುವಾಕೆ ರಜ. ಅಕ್ಕ ಉತ್ತರ ಕೊಡುತ್ತಿರಲಿಲ್ಲ, "ನೀ ಏನ್ ಮಾಡ್ಬೇಕಂತಿ?" ಎಂದು ಕೇಳುತ್ತಿದ್ದರು. ನಾನು ಏನೋ ಹೇಳಿದರೆ, "ಹಂಗ ಮಾಡು."

"ತಪ್ಪಾದ್ರೆ?"

"ತಪ್ಪಾದ್ರ ನಾಳೆ ಬ್ಯಾರೆ ನಮೂನಿ ಮಾಡೂಣು."

ಅವರಿಗೆ ಬೇಸರ ಬಂದಿದೆ, ಅದಕ್ಕೇ ಹೀಗೆ ಅನ್ನುತ್ತಾರೆ ಎಂದುಕೊಂಡಿದ್ದೆ.

ನಿಜವಾದ ಕಷ್ಟ ಬಂದದ್ದು ಅಲ್ಲಿನ ಮುಖ್ಯ ಅಡುಗೆಯವರಿಂದ. ಜಾಲಹಳ್ಳಿಯ ಹಳೇ ಮನೆತನದವರು, ಅಕ್ಕನ ಜೊತೆ ಶುರುವಿನಿಂದ ಇದ್ದವರು. ನಾನು ಏನು ಹೇಳಿದರೂ ಸೌಟು ನಿಲ್ಲಿಸದೆ "ಆಯ್ತು ಫೋನಮ್ಮ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಬೇರೆ ದಾರಿ ಇರಲಿಲ್ಲ.

ಒಂದು ಬೆಳಗ್ಗೆ ಹೋದಾಗ ರೊಟ್ಟಿ ಬಡಿಯುವ ಹೆಂಗಸರೆಲ್ಲ ಗೇಟಿನ ಹೊರಗೆ ನಿಂತಿದ್ದರು. ಅವರ ಮೂಲೆಯ ಕಿಟಕಿಯಿಂದ ಗಾಳಿ ನುಗ್ಗಿ ತಮ್ಮ ಒಲೆಯ ಉರಿ ಅಲ್ಲಾಡುತ್ತದೆ ಎಂದು ಅಡುಗೆಯವರು ಅದನ್ನು ಮುಚ್ಚಿಸಿದ್ದರು. ಹಿಂದಿನ ದಿನ ಸೆಕೆಗೆ ಒಬ್ಬಾಕೆಗೆ ತಲೆ ಸುತ್ತು ಬಂದು ಕುಸಿದು ಕೂತಾಗ, ಅಡುಗೆಯವರು "ನಾಟಕ" ಅಂದಿದ್ದರಂತೆ. ಹೆಂಗಸರಲ್ಲಿ ಹಿರಿಯಾಕೆ ಜೋರು ಮಾಡದೆ ಹೇಳಿದರು: "ಕಿಡಕಿ ತಗಿಸ್ರಿ, ಒಳಗ ಬರ್ತೀವಿ."

ನಾನು ಒಳಗೆ ಹೋಗಿ ಕಿಟಕಿ ತೆಗೆಯಬೇಕು ಎಂದೆ. ಅಡುಗೆಯವರು ಹೆಗಲ ಟವೆಲ್ ತೆಗೆದು ಕಟ್ಟೆಯ ಮೇಲಿಟ್ಟರು. "ಅಂಗಾದ್ರೆ ನೀನೇ ಬೇಯಿಸ್ಕೊ" ಎಂದು ಸ್ಕೂಟರ್ ಹತ್ತಿ ಹೊರಟೇಹೋದರು.

ಅಕ್ಕನಿಗೆ ಫೋನ್ ಮಾಡಿ ಆದದ್ದು ಹೇಳಿದೆ. ಏನು ಮಾಡಬೇಕಂತಿ ಎಂದು ಅವರು ಕೇಳುವ ಮುಂಚೆಯೇ ನಾನೇ ಅಂದುಬಿಟ್ಟೆ: "ಕಿಟಕಿ ತೆಗೆದಿರುತ್ತೆ. ಇವತ್ತು ಚಿತ್ರಾನ್ನ, ಮೊಸರನ್ನ, ರೊಟ್ಟಿಗೆ ಶೇಂಗಾ ಚಟ್ನಿ. ಸಾಂಬಾರ್ ಇಲ್ಲ." ಶೇಂಗಾ ಸಾಕಷ್ಟು ಇದೆಯಾ ಎಂದು ಅಕ್ಕ ಕೇಳಿದರು. ಆಮೇಲೆ, "ಮಾಡು."

ಹೇಳದೆ ಊಟ ಬದಲಿಸಿದ್ದಕ್ಕೆ ಹಾಸ್ಟೆಲಿನ ವಾರ್ಡನ್ ಸಿಟ್ಟಾಗಿ ಅಂದೇ ನಮ್ಮನ್ನು ಕರೆಸಿದರು. ಅಕ್ಕ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು, ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆದದ್ದನ್ನು ನಾನೇ ಹೇಳಿದೆ, ಮತ್ತೆ ಹೀಗಾಗದಂತೆ ಏನು ಮಾಡುತ್ತೇನೆಂದೂ ಹೇಳಿದೆ. ಕಾರಿನಲ್ಲಿ ವಾಪಸು ಬರುವಾಗ ಅಕ್ಕ ಮೆಲ್ಲಗೆ ಅಂದರು: "ನಾ ಆಗಿದ್ರ ಅಡಿಗಿ ಅಣ್ಣಾರನ್ನ ಹೋಗಾಕ ಬಿಡ್ತಿರಲಿಲ್ಲ."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ?"

"ಅಲ್ಲಿ ಇದ್ದಾಕಿ ನೀನು. ನಾ ಯಲಹಂಕದಾಗ ಕುಂತು ಏನ್ ಹೇಳ್ಲಿ?"

ಅಕ್ಕ ಬೇಸರಕ್ಕೆ ಹಾಗೆ ಅನ್ನುತ್ತಿರಲಿಲ್ಲ ಎಂದು ಆಗ ಹೊಳೆದು ನನಗೆ ಅಳು ಬಂತು. ಆಚೆ ನೋಡುತ್ತ ಕೂತೆ.

ಮರುದಿನ ರೇಷನ್ ತರಲು ಯಲಹಂಕದ ಅಡುಗೆಮನೆಗೆ ಹೋಗಿದ್ದಾಗ ಅಡುಗೆಯವರೂ ಅಲ್ಲಿಗೆ ಬಂದರು. ನಾನು ಒಳಕೋಣೆಯಲ್ಲಿದ್ದುದು ಅವರಿಗೆ ಗೊತ್ತಿರಲಿಲ್ಲ. "ನೀವೇ ಒಂದ್ ಮಾತು ಹೇಳಿ ಅವಳ್ಗೆ" ಎಂದು ಅಕ್ಕನನ್ನು ಕೇಳಿದರು. "ಅಲ್ಲಿಂದೆಲ್ಲಾ ಆಕಿನ್ನ ಕೇಳ್ರಿ ಅಣ್ಣಾರ" ಎಂದರು ಅಕ್ಕ, ಗೌರವದಿಂದಲೇ. ಅವರು ಹೊರಟುಬಿಟ್ಟರು. ನಾನು ಹಿಂದೆಯೇ ಹೋಗಿ ಟೀ ಅಂಗಡಿಯ ಹತ್ತಿರ ನಿಲ್ಲಿಸಿದೆ.

"ಅಣ್ಣ, ಕಿಟಕಿಗೋಸ್ಕರ ಯಾರೂ ಕೆಲ್ಸ ಬಿಡಲ್ಲ. ಏನಾಯ್ತು ಹೇಳಿ."

ಅವರು ನನ್ನ ಕೈಯಿಂದ ಟೀ ಲೋಟ ತೆಗೆದುಕೊಂಡರು. "ಎರಡನೇದು ತೆಗೀತಾರೆ ಅಂದಾಗ, ನಂಗೇ ಕೊಡ್ತಾರೆ ಅಂತ ನಮ್ಮನೇಲೆಲ್ಲ ಯೋಳ್ಕೊಂಡಿದ್ದೆ ಕಣಮ್ಮ. ಕೊಡಲ್ಲ ಅಂತಾನೂ ಒಬ್ರೂ ಯೋಳ್ಲಿಲ್ಲ. ಬಂದು ನೋಡಿದ್ರೆ ನೀನ್ ಕೂತಿದ್ದೆ. ಮನೇಗೋಗಿ ಏನಂತ ಯೋಳ್ಲಿ?"

ಇದನ್ನು ಅಕ್ಕನಿಗೆ ಹೇಳಿದೆ. ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಹೌದಲ್ಲ, ಅವರಿಗೆ ನಾ ಹೇಳಬೇಕಿತ್ತು" ಎಂದರು. ಅದೇ ಸಂಜೆ ಒಬ್ಬರೇ ಜಾಲಹಳ್ಳಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೋಮವಾರ ಅಡುಗೆಯವರು ಕೆಲಸಕ್ಕೆ ಬಂದರು. ತಮ್ಮ ದೊಡ್ಡ ಒಲೆಯನ್ನು ಎದುರುಗೋಡೆಗೆ ಸರಿಸಿಕೊಂಡು, ತಲೆ ಸುತ್ತು ಬಂದಿದ್ದ ಹೆಂಗಸಿಗೆ, "ಏನವ್ವ, ಈಗ ಗಾಳಿ ಬತ್ತದಾ?" ಎಂದು ಕೇಳಿದರು. ಆಕೆ ತಲೆಯಾಡಿಸಿದರು. ಕ್ಷಮೆ ಕೇಳಿದ್ದು ಅಷ್ಟೇ, ಸಾಕಾಯಿತು.

ಅದಾಗಿ ಬಹಳ ದಿನದ ಮೇಲೆ ಹೆಬ್ಬಾಳದ ಹತ್ತಿರ ಮೂರನೆಯದು ತೆರೆಯುವ ಮಾತು ಬಂದಾಗ, ನಾನೂ ಅಕ್ಕನೂ ಮೊದಲು ಮಾಡಿದ ಕೆಲಸ, ಆಸೆ ಇಟ್ಟುಕೊಂಡಿರಬಹುದಾದ ಒಬ್ಬೊಬ್ಬರ ಜೊತೆಗೂ ಕೂತು ಮಾತಾಡಿದ್ದು. ಅಡುಗೆಯವರನ್ನೇ ಮೊದಲು ಕೇಳಿದೆವು. ಅವರು ನಕ್ಕರು. "ನಂಗ್ ಬ್ಯಾಡ. ಕೇಳ್ಲಿ ಅಂತಿದ್ದೆ, ಕೇಳುದ್ರಲ್ಲ. ದಿನಾ ಜನರ ರಗಳೆ ಯಾರಿಗ್ ಬೇಕು?"

ಹೆಬ್ಬಾಳಕ್ಕೆ ಹೋದವರು ರೊಟ್ಟಿ ಬಡಿಯುತ್ತಿದ್ದ ಆ ಹಿರಿಯಾಕೆ. ಮೊದಲು ಒಪ್ಪಲಿಲ್ಲ, ಮಗಳನ್ನು ಕೇಳಬೇಕು ಎಂದರು, ಆಮೇಲೆ ಒಪ್ಪಿದರು. ಶುರುವಿನಲ್ಲಿ ಹೆದರಿಕೆಗೆ ಊಟವೇ ಸೇರುತ್ತಿರಲಿಲ್ಲವಂತೆ. ಈಗ ಅಲ್ಲಿನವರು ಅವರನ್ನು ಮೇಡಂ ಅನ್ನುತ್ತಾರೆ. ಹಾಗೆ ಕರೆಯಬೇಡಿ ಎಂದು ಅವರು ಹೇಳುತ್ತಲೇ ಇರುತ್ತಾರೆ.