ಮೇಷ್ಟ್ರ ಹುಡುಗಿಯರಿಗೆ ವಯಸ್ಸಾದದ್ದು

ಸೊಗಡಿನ ಅವರೆಕಾಯಿ ಬಿಡಿಸಿದ ಬೆರಳಿನ ವಾಸನೆ ಎಷ್ಟು ಸೋಪು ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ. ನಿನ್ನೆ ಅಕ್ಕ ಪಿರಿಯಾಪಟ್ಟಣದಿಂದ ಒಂದು ಚೀಲ ಕಾಯಿ ಹೊತ್ತುಕೊಂಡು ನಮ್ಮ ಮೈಸೂರಿನ ಮನೆಗೆ ಬಂದಳು. ಬಸ್ಸಿನಲ್ಲಿ ಸೀಟು ಸಿಗಲಿಲ್ಲವೆಂದು ನಮ್ಮ ಬಾಗಿಲಲ್ಲೇ ನಿಂತು ಕಂಡಕ್ಟರನನ್ನು ಬೈದು ಮುಗಿಸಿ, ಕೈಕಾಲು ತೊಳೆದು, ಅಡುಗೆಮನೆಯ ನೆಲದ ಮೇಲೆ ಮೊರ ಹಾಕಿಕೊಂಡು ಕೂತಳು. ನಾನೂ ಎದುರಿಗೆ ಕೂತೆ. ಬಿಡಿಸುತ್ತ ಬಿಡಿಸುತ್ತ ಅವಳ ಬೆರಳ ತುದಿಗಳು ಕಪ್ಪಿಟ್ಟವು. ಆ ಕಪ್ಪು ಕಂಡದ್ದೇ ನನಗೆ ಹುಣಸೂರಿನ ಒಂದು ಮಹಡಿಯ ಕೋಣೆ, ಅಲ್ಲಿನ ಕೀಲಿಮಣೆ, ಅದರ ಮೇಲೆ ತಡವರಿಸುತ್ತಿದ್ದ ಇವೇ ಬೆರಳುಗಳು ನೆನಪಾದವು.

ನೆನಪಾದವು ಎಂದು ಬರೆದೆ. ಈ ಮಾತನ್ನು ನಾನು ಈಚೆಗೆ ಅನುಮಾನದಿಂದಲೇ ಬಳಸುತ್ತೇನೆ. ದಿನಚರಿ ಬರೆಯುವ ಚಟ ಕಾಲೇಜಿನ ದಿನಗಳಿಂದ ಇದೆ. ಹಳೆಯ ಪುಟ ತೆಗೆದಾಗಲೆಲ್ಲ, ಕಣ್ಣಾರೆ ಕಂಡೆ ಎಂದುಕೊಂಡಿದ್ದ ಎಷ್ಟೋ ಸಂಗತಿ ನಡೆದದ್ದೇ ಬೇರೆ ರೀತಿ ಎಂದು ತಿಳಿದು ಪೆಚ್ಚಾಗಿದ್ದೇನೆ. ಆದ್ದರಿಂದ ನೀವೂ ಸ್ವಲ್ಪ ಹುಷಾರಾಗಿಯೇ ನನ್ನ ಜೊತೆ ಬನ್ನಿ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ನಾನು ಹುಣಸೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಅದೇ ಕಟ್ಟಡದ ಮಹಡಿಯಲ್ಲಿ ಜವರಪ್ಪ ಮೇಷ್ಟ್ರ ವಧೂವರರ ಕೇಂದ್ರವಿತ್ತು. ಮೇಷ್ಟ್ರು ನಿವೃತ್ತರಾದ ಆಟದ ಮಾಸ್ತರು. ಮಾತಾಡಿದರೆ ಮೈದಾನದ ಆಚೆ ತುದಿಗೆ ಕೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲೂಕಿನ ಒಕ್ಕಲು ಮನೆಗಳ ಗಂಡುಹೆಣ್ಣುಗಳು ಅವರ ಕಬ್ಬಿಣದ ಬೀರುವಿನಲ್ಲಿ ರಟ್ಟಿನ ಕಾರ್ಡುಗಳಾಗಿ ನಿಂತಿದ್ದರು. ಫೋಟೋ, ಊರು, ಮನೆದೇವರು, ಓದು, ವಯಸ್ಸು, ನಿರೀಕ್ಷೆ. ಯಾರಾದರೂ ಬಂದರೆ ಮೇಷ್ಟ್ರು ಇಸ್ಪೀಟಿನೆಲೆಯಂತೆ ಕಾರ್ಡುಗಳನ್ನು ಹರವುತ್ತಿದ್ದರು.

"ಇದನ್ನೆಲ್ಲ ನೆಟ್ಟಿಗೆ ಆಕ್ಬುಡವ್ವ," ಎಂದರು ಒಂದು ದಿನ. "ಹೆಸ್ರೊಡುದ್ರೆ ಬರ್ಬೇಕು, ಊರೊಡುದ್ರೆ ಬರ್ಬೇಕು. ತಪ್ಪಿದ್ರೆ ಅಲ್ಲೇ ತಿದ್ದಂಗಿರ್ಬೇಕು. ಆಯ್ತದಾ?"

ಆಗುತ್ತದೆ ಎಂದೆ. ಓದಿದ್ದನ್ನು ತೋರಿಸಿಕೊಳ್ಳಲು ಕಾಯುತ್ತಿದ್ದವಳಿಗೆ ಅಷ್ಟು ಸಾಕಾಗಿತ್ತು. ಆಗ ಜಾವಾಸ್ಕ್ರಿಪ್ಟಿನ ಫ್ರೇಮ್‌ವರ್ಕುಗಳು ಹೊಸದಾಗಿ ಬರುತ್ತಿದ್ದವು. ಬಡಗಿ ಅಂಗಡಿಯಿಂದ ಕಿಟಕಿಯ ಚೌಕಟ್ಟನ್ನು ಸಿದ್ಧವಾಗಿಯೇ ತಂದು ಗೋಡೆಗೆ ಕೂರಿಸುತ್ತಾರಲ್ಲ, ಹಾಗೆ. ಗಾಜು ಹಾಕುವುದಷ್ಟೇ ನಮ್ಮ ಕೆಲಸ. ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಒತ್ತಿದಂತೆಯೂ ಕೆಳಗಿನ ಪಟ್ಟಿ ತಾನೇ ಸಣ್ಣದಾಗುತ್ತಿತ್ತು. ಪ್ರತಿ ಹೆಸರಿನ ಪಕ್ಕ 'ತಿದ್ದು' ಎಂಬ ಗುಂಡಿ. ಒತ್ತಿದರೆ ಅಕ್ಷರಗಳೆಲ್ಲ ಬರೆಯುವ ಪೆಟ್ಟಿಗೆಗಳಾಗುತ್ತಿದ್ದವು. ಬದಲಿಸಿ 'ಉಳಿಸು' ಎಂದರೆ ಮುಗಿಯಿತು. ಗಂಡಿನ ಹೆಸರು ತೆರೆದರೆ, ಅವನು ಕೇಳಿದ ವಯಸ್ಸಿನೊಳಗಿನ ಹೆಣ್ಣುಗಳು ಮಾತ್ರ ಅವನ ಕೆಳಗೆ ಸಾಲಾಗಿ ಬರುತ್ತಿದ್ದರು. ಆ ಮಿತಿ ದಾಟಿದವಳ ಸಾಲು ಮೆಲ್ಲಗೆ ಮಸುಕಾಗಿ ಮಾಯವಾಗುತ್ತಿತ್ತು, ಪುಟ ಅಲುಗುತ್ತಲೇ ಇರಲಿಲ್ಲ. ಆ ಮಸುಕಾಗುವಿಕೆಗಾಗಿ ನಾನು ಒಂದು ವಾರ ಒದ್ದಾಡಿದ್ದೆ. ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಿದ್ದೆ.

ಮೇಷ್ಟ್ರ ಕಾರ್ಡುಗಳ ಗುಟ್ಟು ತಿಳಿದದ್ದು ಆಮೇಲೆ. ಹುಡುಗಿಯನ್ನು ನೋಂದಾಯಿಸಿದ ದಿನ ಅವರು ವಯಸ್ಸನ್ನು ಶಾಯಿಯಲ್ಲಿ ಬರೆಯುತ್ತಿದ್ದರು. ಆಮೇಲೆ ಅದನ್ನು ಮುಟ್ಟುವವರಿಲ್ಲ. ಮದುವೆಯಾಗುವ ತನಕ ಅವಳು ಅದೇ ವಯಸ್ಸಿನಲ್ಲಿ ಬೀರುವಿನೊಳಗೆ ಕಾಯುತ್ತಿದ್ದಳು. ನಾನು ವಯಸ್ಸಿನ ಬದಲು ಹುಟ್ಟಿದ ದಿನ ಕೇಳಿ, ಲೆಕ್ಕವನ್ನು ಕಂಪ್ಯೂಟರಿಗೆ ಬಿಟ್ಟೆ. ಎಲ್ಲ ತುಂಬಿಸಿ ಮೊದಲ ಸಲ ಪುಟ ತೆರೆದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಒಂದೇ ರಾತ್ರಿಗೆ ಎಲ್ರನ್ನೂ ಮುದ್ಕೀರು ಮಾಡ್ಬುಟ್ಯಲ್ಲವ್ವ!"

"ಇರೋದು ಅಷ್ಟೇ ತಾನೆ ಮೇಷ್ಟ್ರೇ?"

"ಇರೋದು ಇರ್ತದೆ. ಅದ್ನ ಬರ್ದು ತೋರುಸ್ಬೇಕಾ?"

ಆ ಹುಡುಗಿಯರಲ್ಲಿ ನಮ್ಮಕ್ಕನೂ ಒಬ್ಬಳು. ಕಾರ್ಡಿನಲ್ಲಿ ಇಪ್ಪತ್ತಮೂರರಲ್ಲಿ ನಿಂತಿದ್ದವಳು ನನ್ನ ಪುಟದಲ್ಲಿ ಮೂವತ್ತಕ್ಕೆ ಕಾಲಿಟ್ಟಿದ್ದಳು. ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ನನಗೆ ಆಗಲೇ ಒಂದು ಕಡೆ ಮಾತಾಗಿತ್ತು. ಕೆ.ಆರ್. ನಗರದಲ್ಲಿ ಉಪನ್ಯಾಸಕರಾಗಿದ್ದವರು, ವಿಶ್ವವಿದ್ಯಾನಿಲಯದಲ್ಲಿ ನನ್ನ ಪರಿಚಯದವರೇ. ಎರಡೂ ಮನೆಯವರು ಒಪ್ಪಿದ್ದರು. ಆದರೆ ದೊಡ್ಡವಳನ್ನು ಮನೆಯಲ್ಲಿಟ್ಟುಕೊಂಡು ಚಿಕ್ಕವಳಿಗೆ ಧಾರೆ ಎರೆಯುವುದು ನಮ್ಮಲ್ಲಿಲ್ಲ. ಅಪ್ಪ ಆ ಮಾತನ್ನೇ ಎತ್ತುತ್ತಿರಲಿಲ್ಲ. ಅಕ್ಕನಿಗೆ ಬಂದ ಗಂಡು ಒಪ್ಪದೆ ಹೋದ ದಿನ ಮನೆಯಲ್ಲಿ ಎರಡು ಮದುವೆ ನಿಲ್ಲುತ್ತಿದ್ದವು. ಬೇಸರವಾಗುತ್ತಿದ್ದದ್ದು ಅವಳಿಗಾಗಿಯೋ ನನಗಾಗಿಯೋ ಎಂದು ಆಗ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಅಕ್ಕ ಪಿ.ಯು.ಸಿ. ಮುಗಿಸಿ ಮನೆಯ ಹೊಗೆಸೊಪ್ಪಿನ ಕೆಲಸಕ್ಕೆ ನಿಂತಿದ್ದಳು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವುದು, ಎಲೆ ಹದಮಾಡುವ ಬ್ಯಾರನ್ನಿನ ಶಾಖದಲ್ಲಿ ಬೆಂದ ಮೇಲೆ ಬಣ್ಣ ನೋಡಿ ವಿಂಗಡಿಸುವುದು. ಹಸಿ ಎಲೆಯ ಅಂಟು ಬೆರಳಿಗೆ ಹತ್ತಿ ಕರ್ರಗಾಗುತ್ತದೆ. ಹೆಣ್ಣು ನೋಡಲು ಬರುವ ದಿನ ಅಮ್ಮ ಹುಣಸೇಹಣ್ಣು ಹಾಕಿ ಅವಳ ಕೈ ಉಜ್ಜುತ್ತಿದ್ದಳು. ಪಾತ್ರೆ ಬೆಳಗಿದ ಹಾಗೆ. "ಒಸಿ ಮೆತ್ತುಗ್ ಉಜ್ಜವ್ವ, ಕೈಯೇ ಸವ್ದೋದ್ರೆ ಏನ್ ತೋರುಸ್ಲಿ," ಎನ್ನುತ್ತಿದ್ದಳು ಅಕ್ಕ. ಬಂದವರ ಮುಂದೆಯೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಹುಡುಗನ ಸೋದರಮಾವ ಕಾಫಿಗೆ ಸಕ್ಕರೆ ಸಾಲದು ಎಂದಾಗ, "ನಮ್ಮೂರ್ ನೀರು ಅಂಗೇ ಕಣ್ರೀ, ನೀವೇ ಕೂತು ತಿರುಗುಸ್ಬೇಕು," ಎಂದುಬಿಟ್ಟಿದ್ದಳು. ಲೋಟದ ತಳದಲ್ಲಿ ಸಕ್ಕರೆ ಹಾಗೇ ಇತ್ತು ಎನ್ನುವುದು ನಿಜ. ಸಂಬಂಧ ತಪ್ಪಿದ್ದೂ ನಿಜ. 'ಬಾಯಿ ಜಾಸ್ತಿ' ಎಂದು ಹೇಳಿ ಕಳಿಸಿದ್ದರು.

ಪುಟವನ್ನು ಪರೀಕ್ಷಿಸಲು ನನಗೆ ಕಂಪ್ಯೂಟರ್ ಗೊತ್ತಿಲ್ಲದವರು ಯಾರಾದರೂ ಬೇಕಾಗಿತ್ತು. ಅಕ್ಕನನ್ನು ಕರೆದುಕೊಂಡು ಹೋದೆ. ಹೊಗೆಸೊಪ್ಪಿನ ಕೆಲಸ ಮುಗಿದಿದ್ದ ತಿಂಗಳುಗಳು. ಅವಳು ದಿನವೂ ಬರತೊಡಗಿದಳು. ಒಂದು ಬೆರಳಿನಲ್ಲಿ ಕುಟ್ಟುತ್ತ, ನಾಲ್ಕು ತಾಲೂಕನ್ನೂ ಜಾಲಾಡುತ್ತಿದ್ದಳು. "ಈ ಮಿರ್ಲೆಯವ್ಳಿಗೆ ಆ ಕೋಟೆಯವ್ನು ಸರ್ಯಾಗ್ತಾನೆ, ನೋಡಿ ಮೇಷ್ಟ್ರೇ," ಎಂದು ಕರೆದು ತೋರಿಸುತ್ತಿದ್ದಳು. ಒಂದೆರಡು ಸಂಬಂಧ ಕೂಡಿಯೂ ಬಂದವು. ಅಪ್ಪಅಮ್ಮಂದಿರು ಮಹಡಿ ಹತ್ತಿ ಬಂದು, ಎತ್ತರ ಒಂದಿಂಚು ಏರಿಸಿ, ಬಣ್ಣ ಒಸಿ ತಿಳಿ ಮಾಡಿ, ಹುಟ್ಟಿದ ವರ್ಷ ಮುಂದಕ್ಕೆ ಹಾಕಿ ಎಂದು ಬೇಡುವಾಗ, ಮೇಷ್ಟ್ರು ಅಕ್ಕನ ಕಡೆ ನೋಡುತ್ತಿದ್ದರು. ಅಕ್ಕ 'ತಿದ್ದು' ಒತ್ತುತ್ತಿದ್ದಳು. ನಮ್ಮಪ್ಪನೂ ಬಂದಿದ್ದರು. ಅಕ್ಕ ಒಪ್ಪಲಿಲ್ಲ. "ನಂದು ಇದ್ದಂಗೇ ಇರ್ಲಿ ಬುಡಪ್ಪ. ಬಂದೋರು ಲೆಕ್ಕ ಆಕ್ಕಂಡೇ ಬರ್ಲಿ."

ಭೇರ್ಯದ ಕಡೆಯ ವರರೊಬ್ಬರು ನೋಂದಾಯಿಸಿದ್ದು ಆ ದಿನಗಳಲ್ಲೇ. ನಿರೀಕ್ಷೆ ಎನ್ನುವ ಜಾಗದಲ್ಲಿ ಎಲ್ಲರೂ 'ಒಳ್ಳೆ ಮನೆತನ, ಹೊಂದಿಕೊಂಡು ಹೋಗುವ ಹುಡುಗಿ' ಎಂದು ಬರೆಸುತ್ತಿದ್ದರು. ಇವರು 'ಮಾತಾಡುವ ಹುಡುಗಿ ಬೇಕು' ಎಂದಷ್ಟೇ ಬರೆಸಿದ್ದರು. ವಯಸ್ಸು ಇಪ್ಪತ್ತೈದರೊಳಗೆ. ಅಕ್ಕ ಅದನ್ನು ಗಟ್ಟಿಯಾಗಿ ಓದಿ ನಕ್ಕಳು.

"ಮಾತಾಡೋ ಉಡ್ಗಿ ಬೇಕಂತೆ ಕಣೆ! ಯಾವ ಸಂತೇಲಿ ಸಿಕ್ತಾಳಂತೆ?"

"ಇಲ್ಲೇ ಒಬ್ಳು ಕೂತವ್ಳಲ್ಲವ್ವ," ಎಂದರು ಮೇಷ್ಟ್ರು.

"ಬುಡಿ ಮೇಷ್ಟ್ರೇ. ಅವ್ನ ಪುಟದಲ್ಲಿ ನಾನು ಬರೋದೇ ಇಲ್ಲ."

ನಿಜ, ಬರುತ್ತಿರಲಿಲ್ಲ. ಪುಟ ಹೇಳಿದ ಹಾಗೆ ಕೆಲಸ ಮಾಡುತ್ತಿತ್ತು.

ಈಗ ನಾನು ಬಹಳ ಸಲ ಹೇಳಿರುವ ಭಾಗ ಬರುತ್ತದೆ. ಹೇಳಿ ಹೇಳಿ ನುಣುಪಾಗಿದೆ, ಅದಕ್ಕೇ ಹೆದರಿಕೆ. ಒಂದು ಮಧ್ಯಾಹ್ನ ನಾನೂ ಮೇಷ್ಟ್ರೂ ಕೆಳಗೆ ಟೀ ಕುಡಿದು ಮೆಟ್ಟಿಲು ಹತ್ತಿ ಬಂದೆವು. ಅಕ್ಕ ಒಬ್ಬಳೇ ಪರದೆಯ ಮುಂದೆ ಕೂತಿದ್ದಳು. ಬಾಗಿಲಿಗೆ ಬೆನ್ನು. ಅವಳ ಹೆಸರಿನ ಪುಟ ತೆರೆದಿತ್ತು, ಹುಟ್ಟಿದ ವರ್ಷ ಬದಲಾಗಿತ್ತು. ವಯಸ್ಸು ಇಪ್ಪತ್ತೈದು. ಅಷ್ಟು ದಿನ ಅಪ್ಪ ಹೇಳಿದರೂ ಒಪ್ಪದವಳು!

"ಏನಕ್ಕ ಇದು?" ಎಂದೆ.

ಅವಳು ತಿರುಗಲು ಒಂದು ಕ್ಷಣ ಹಿಡಿಯಿತು. ತಿರುಗಿದಾಗ ನಗುತ್ತಿದ್ದಳು. "ನೋಡ್ದಾ? ನಂಗೆ ಇಪ್ಪತ್ತೈದು, ನಿಂಗೆ ಇಪ್ಪತ್ತಾರು. ಇನ್ಮೇಲೆ ನೀನೇ ಅಕ್ಕ ಕಣೆ. ದೊಡ್ಡೋಳ್ದು ಮೊದ್ಲಾಗ್ಲಿ, ಓಗಿ ನಿಮ್ ಲೆಕ್ಚರರ್‌ಗೆ ಏಳು."

ಮೇಷ್ಟ್ರು ಮೈದಾನದ ದನಿಯಲ್ಲಿ ನಕ್ಕರು. ನಾನೂ ನಕ್ಕೆ, ಆಮೇಲೆ ಕಣ್ಣಲ್ಲಿ ನೀರು ಬಂತು. "ಇರಿ, ಸರಿ ಮಾಡ್ಬುಡ್ತೀನಿ," ಎಂದು ಅವಳೇ ಮತ್ತೆ 'ತಿದ್ದು' ಒತ್ತಿ ನಿಜವಾದ ವರ್ಷ ಹಾಕಿದಳು. 'ಉಳಿಸು' ಎಂದಳು. ಹಿಂದೆ ಇನ್ನೊಂದು ಪುಟವೂ ತೆರೆದಿತ್ತು. ಅದರಲ್ಲಿ ಒಂದು ಸಾಲು ಮೆಲ್ಲಗೆ ಮಸುಕಾದದ್ದು ಕಣ್ಣಂಚಿಗೆ ಕಂಡ ಹಾಗಿದೆ. ಕಂಡಿತೋ, ಇವತ್ತು ನಾನೇ ಅಲ್ಲಿ ಇಡುತ್ತಿದ್ದೇನೋ.

ಮೇಷ್ಟ್ರ ಬಾಯಲ್ಲಿ ಮಾತು ನಿಲ್ಲುವುದುಂಟೆ? ಅವಳ ತ್ಯಾಗದ ಕತೆ ನಮಗಿಂತ ಮೊದಲು ಊರು ಸೇರಿತ್ತು. ಅಪ್ಪ ಕೆಲವು ದಿನ ಮಂಕಾಗಿ ಓಡಾಡಿದರು. ಆಮೇಲೆ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತು, ಅಕ್ಕನನ್ನು ನೋಡದೆ, "ದೊಡ್ಡೋಳೇ ಒಪ್ಪುದ್ ಮ್ಯಾಲೆ ನಂದೇನು? ಚಿಕ್ಕೋಳ್ದು ಮಾಡ್ಬುಡಾನ," ಎಂದರು. ಅಕ್ಕ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತು, ಮತ್ತೆ ಶುರುವಾಯಿತು.

ನನ್ನ ಮದುವೆ ಹಾಗೆ ಆಯಿತು. ಧಾರೆಯ ಹೊತ್ತಿನಲ್ಲಿ ಅಕ್ಕ ಎದುರಿಗೇ ನಿಂತು ಅಕ್ಷತೆ ಹಾಕಿದಳು ಎಂದು ನನಗೆ ನೆನಪು. ಆಲ್ಬಮ್ಮಿನಲ್ಲಿ ಆ ಹೊತ್ತಿನ ಯಾವ ಫೋಟೋದಲ್ಲೂ ಅವಳಿಲ್ಲ. ಅಡುಗೆಯವರ ಉಸ್ತುವಾರಿಗೆ ಕಳಿಸಿದ್ದರು ಎಂದು ಚಿಕ್ಕಮ್ಮ ಹೇಳುತ್ತಾರೆ. ತಂಗಿಯದು ಆದ ಮೇಲೆ, ಅಕ್ಕನಲ್ಲೇ ಏನೋ ಊನ ಇರಬೇಕು ಎಂದು ಬರುವವರೂ ಬರುವುದು ಬಿಟ್ಟರು. ಭೇರ್ಯದವರಿಗೆ ಬೇರೆ ಕಡೆ ಆಯಿತು. ಮೇಷ್ಟ್ರು ತೀರಿಕೊಂಡರು, ಪುಟವನ್ನು ನವೀಕರಿಸುವವರಿಲ್ಲದೆ ಅದೂ ಹೋಯಿತು. ಅಕ್ಕ ಪಿರಿಯಾಪಟ್ಟಣದಲ್ಲಿ ಅಂಗನವಾಡಿ ಸೇರಿದಳು. ಈಗಲೂ ಅಲ್ಲೇ, ಒಂದು ಚಿಕ್ಕ ಬಾಡಿಗೆ ಮನೆಯಲ್ಲಿ, ಊರಿನ ಮಕ್ಕಳಿಗೆಲ್ಲ ಮಾತು ಕಲಿಸಿಕೊಂಡು ಇದ್ದಾಳೆ.

ಇಷ್ಟು ವರ್ಷ ನಾನು ಈ ಕತೆಯ ಮೇಲೆ ಸಂಸಾರ ಮಾಡಿದ್ದೇನೆ. ಹಬ್ಬಕ್ಕೊಂದು ಸೀರೆ ಅವಳಿಗೆ ತಪ್ಪಿಸಿಲ್ಲ. 'ದೊಡ್ಡಮ್ಮ ಇಲ್ಲದಿದ್ದರೆ ನೀವಿಲ್ಲ' ಎಂದು ಮಕ್ಕಳಿಗೆ ಹೇಳಿ ಬೆಳೆಸಿದ್ದೇನೆ. ನಿನ್ನೆ ಕಾಯಿ ಬಿಡಿಸುತ್ತ, ಬರೆಯುವ ಮೊದಲು ಒಮ್ಮೆ ಕೇಳಿಬಿಡೋಣ ಎನಿಸಿ ಕೇಳಿದೆ.

"ಅಕ್ಕ, ಅವತ್ತು ಮೇಷ್ಟ್ರ ಆಫೀಸಲ್ಲಿ ವಯಸ್ಸು ತಿದ್ದಿದ್ಯಲ್ಲ. ನಂಗೋಸ್ಕರ ಅಂತ ಯಾವಾಗ ಹೊಳೀತು ನಿಂಗೆ?"

ಅವಳು ಕೈಲಿದ್ದ ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ನಿಂಗೋಸ್ಕರ ಎಲ್ ಬಂತು ಬುಡೆ," ಎಂದಳು. "ಭೇರ್ಯದವ್ನ ಪುಟದಲ್ಲಿ ಬತ್ತೀನಾ ಅಂತ ನೋಡ್ದೆ ಕಣೆ. ಬಂದೆ. ಮೇಲ್ಗಡೇನೇ ಬಂದೆ, ಗೊತ್ತಾ? ಮೇಷ್ಟ್ರುಗೆ ತೋರ್ಸಿ, ಅವ್ರತ್ರ ಮಾತಾಡಿ ಅನ್ನಾನ ಅಂತಿದ್ದೆ. ಅಷ್ಟ್ರಲ್ಲಿ ನೀವಿಬ್ರೂ ಮೆಟ್ಲತ್ತಿ ಬಂದ್ರಿ, ನೀನು 'ಏನಕ್ಕ ಇದು' ಅಂದೆ. ನಾಚ್ಕೆ ಆಗೋಯ್ತು. ಬಾಯಿಗೆ ಬಂದಿದ್ದು ಅಂದ್ಬುಟ್ಟೆ."

"ಆಮೇಲಾದ್ರೂ ಹೇಳ್ಬೋದಿತ್ತಲ್ಲಕ್ಕ."

"ಏನಂತ? ಎಲ್ರೂ ಖುಷಿಯಾಗ್ಬುಟ್ಟಿದ್ರಲ್ಲ. ನೀನಂತೂ ಅತ್ಕಂಡು ತಬ್ಕಂಡಿದ್ದೆ."

ತಬ್ಬಿಕೊಂಡಿದ್ದು ನನಗೆ ನೆನಪಿಲ್ಲ. ಅವಳು ಮತ್ತೊಂದು ಹಿಡಿ ಕಾಯಿ ತೆಗೆದುಕೊಂಡಳು. ಅವಳ ದನಿಯಲ್ಲಿ ದೂರು ಇರಲಿಲ್ಲ.

ಅಷ್ಟರಲ್ಲಿ ನನ್ನ ಯಜಮಾನರು ಹೊರಗಿನಿಂದ ಬಂದರು. ಅಕ್ಕನನ್ನು ಕಂಡವರೇ, ಪ್ರತಿ ಸಲ ಹೇಳುವ ಮಾತನ್ನು ಅದೇ ಸಂತೋಷದಿಂದ ಹೇಳಿದರು. "ಬನ್ನಿ ಅತ್ತಿಗೆ! ಅವತ್ತು ನೀವು ಮನಸ್ಸು ಮಾಡ್ದೇ ಇದ್ದಿದ್ರೆ ನಾನಿನ್ನೂ ಕೆ.ಆರ್. ನಗರದ ರೂಮಲ್ಲೇ ಇರ್ತಿದ್ದೆ."

"ಇರ್ಬೇಕಾಗಿತ್ತು ಬುಡಿ. ಬಾಡ್ಗೆ ಕಮ್ಮಿ ಇತ್ತಂತಲ್ಲ," ಎಂದು ಅಕ್ಕ ಎಂದಿನಂತೆ ನಕ್ಕಳು. ಅವರೂ ನಕ್ಕರು. ಇಬ್ಬರೂ ನನ್ನ ಕಡೆ ನೋಡಿದರು, ನಾನೂ ಸೇರಿಕೊಳ್ಳುವ ಜಾಗ ಅದು. ನಾನು ಸಿಪ್ಪೆಗಳನ್ನು ಬಳಿದುಕೊಂಡು ಹಿತ್ತಲಿಗೆ ಎದ್ದು ಹೋದೆ.