ಚರ್ಚಾಸಭೆಯ ಅಧ್ಯಕ್ಷರು

ಮಳವಳ್ಳಿಯಲ್ಲಿ ನಮ್ಮ ನೆರೆಮನೆಯವರು ಹಿಂದೆ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ಯಾರು ಏನೇ ಅಂದರೂ ಪೇಟ ತೆಗೆದು ಹಣೆ ಉಜ್ಜಿಕೊಳ್ಳುತ್ತ, "ಇರಲಿ, ಪೂರ್ತಿ ಹೇಳಿ" ಎನ್ನುತ್ತಿದ್ದರು. ಕಾಲೇಜಿನ ಚರ್ಚಾಸಭೆಯಲ್ಲಿ ವಿದ್ಯಾರ್ಥಿಯೊಬ್ಬ ಮಹಾರಾಜರ ಆಡಳಿತಕ್ಕಿಂತ ಜನರ ಆಡಳಿತವೇ ಮೇಲು ಎಂದಾಗ, ಅಧ್ಯಕ್ಷತೆ ವಹಿಸಿದ್ದ ಇವರು ಅವನಿಗೂ ಹಾಗೆಯೇ ಅಂದರು. ಅವನನ್ನು ತಡೆಯಲಿಲ್ಲವೆಂದು ಮೇಲಿನವರು ಕ್ಷಮೆ ಕೇಳಲು ಹೇಳಿದರು. ಇವರು ಕೇಳಲಿಲ್ಲ. ಕೆಲಸ ಹೋಯಿತು, ಊರಿಗೆ ಮರಳಿದರು.

ಒಂದು ಸಂಜೆ ನಮ್ಮಪ್ಪ ತಡೆಯಲಾರದೆ ಕೇಳಿದರು: "ಆ ಉಡ್ಗ ಅಂದಿದ್ದು ನಿಮ್ಗೂ ಸರಿ ಅನ್ಸ್ತಾ ಸ್ವಾಮಿ?"

"ಇಲ್ಲ ಗೌಡರೇ, ತಪ್ಪು ಅಂತಲೇ ಅನ್ನಿಸ್ತು."

"ಮತ್ಯಾಕ್ ಕೆಲ್ಸ ಕಳ್ಕಂಡ್ರಿ?"

ಅವರು ಪೇಟ ತೆಗೆದು ಹಣೆ ಉಜ್ಜಿಕೊಂಡರು. "ಮಾರನೇ ದಿನ ಕ್ಲಾಸಿನಲ್ಲಿ ಅವನಿಗೆ ಉತ್ತರ ಕೊಡೋಣ ಅಂತಿದ್ದೆ. ಉತ್ತರ ಬೇಡ, ಅಲ್ಲೇ ಬಾಯಿ ಮುಚ್ಚಿಸಬೇಕಿತ್ತು ಅಂದರು ಮೇಲಿನವರು. ಮುಚ್ಚಿಸಲಿಲ್ಲ ಅಂತ ಕ್ಷಮೆ ಕೇಳೋದು ನನ್ನ ಕೈಲಿ ಆಗಲಿಲ್ಲ."