ಚದುರಂಗ ಬಾರದವರೊಬ್ಬರು ಬೇಕಾಗಿದ್ದಾರೆ

ಪಂದ್ಯಾವಳಿಯ ಹಿಂದಿನ ದಿನ ಸಭಾಂಗಣದ ಬಾಗಿಲು ಹಾಕಿಸಿ, ಆಟಗಾರ್ತಿಯರಿಗಾಗಿ ತರಿಸಿದ ಕುರ್ಚಿಗಳಲ್ಲಿ ಒಂದೊಂದರ ಮೇಲೂ ಕೂತು, ಎಡಕ್ಕೂ ಬಲಕ್ಕೂ ವಾಲಿ, ಎದ್ದು ನೋಡುವುದು ಈ ಸಂಚಾಲಕಿಯ ರೂಢಿ. ಕಿರುಗುಟ್ಟಿದ ಕುರ್ಚಿಯ ಬೆನ್ನಿಗೆ ಸೀಮೆಸುಣ್ಣದ ಗೆರೆ ಬೀಳುತ್ತದೆ. ಅದು ಹೊರಗೆ ಹೋಗುತ್ತದೆ. "ನಾಲ್ಕೈದು ಗಂಟೆ ಕೂರೋ ಕುರ್ಚಿ ಒಂದು ಸಲ ಕಿರ್ ಅಂದ್ರೂ ಎದುರಿನವಳು ಎದ್ದು ನನ್ನ ಹತ್ರ ಬರ್ತಾಳೆ. ಕುರ್ಚಿಗೆ ಯಾರೂ ಬೈಯಲ್ಲ, ನನಗೇ ಬೈಯೋದು" ಎಂದು ಅವರು ಹೇಳಿದರು. ಹೇಳುವಾಗ ನಗಲಿಲ್ಲ.

ಅವರು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆ. ಸಂಜೆಯ ಹೊತ್ತು, ರಜೆಯ ದಿನಗಳಲ್ಲಿ, ಊರಿನ ಚದುರಂಗ ಸಂಘದ ಸಂಚಾಲಕಿ. ಹುಡುಗಿಯಾಗಿದ್ದಾಗ ಚೆನ್ನಾಗಿಯೇ ಆಡುತ್ತಿದ್ದರಂತೆ. ಆಮೇಲೆ ಆಡಿಸುವ ಕೆಲಸ ಹೆಗಲಿಗೆ ಬಂದು, ಆಡುವುದು ತಾನಾಗಿಯೇ ನಿಂತುಹೋಯಿತು. ಈ ಬರಹಕ್ಕಾಗಿ ನಾನು ಅವರನ್ನು ಹಲವು ಸಲ ಕಂಡೆ. ದರ್ಜಿಯಾಗಿರುವ ಅವರ ನಾದಿನಿಯ ಹೇಳಿಕೆಯನ್ನು ಬೇರೆಯಾಗಿ ದಾಖಲಿಸಿಕೊಂಡೆ. ಇಬ್ಬರ ಮಾತು ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಹಾಗೆಂದು ಸೂಚಿಸಿದ್ದೇನೆ. ವಿದೇಶದ ಆಟಗಾರ್ತಿಯರ ಮಾತುಗಳನ್ನು ಸಂಚಾಲಕಿ ನನಗೆ ಹೇಳಿದ ರೀತಿಯಲ್ಲೇ ಕೊಟ್ಟಿದ್ದೇನೆ.

ಸರಣಿಯ ಏರ್ಪಾಡನ್ನು ಮೊದಲು ತಿಳಿಸಬೇಕು. ಹದಿನಾರು ಮಂದಿ ಆಟಗಾರ್ತಿಯರು. ನಾಲ್ಕು ದೇಶಗಳ ನಾಲ್ಕು ಊರುಗಳಲ್ಲಿ ನಾಲ್ಕು ಪಂದ್ಯಾವಳಿಗಳು. ಪ್ರತಿಯೊಬ್ಬಳೂ ಮೂರರಲ್ಲಿ ಆಡಬೇಕು. ಹೀಗಾಗಿ ಒಂದೊಂದು ಊರಿಗೆ ಹನ್ನೆರಡು ಮಂದಿ ಬರುತ್ತಾರೆ, ಎಲ್ಲರೂ ಎಲ್ಲರೊಡನೆ ಒಂದೊಂದು ಆಟ ಆಡುತ್ತಾರೆ. ಮೂರೂ ಕಡೆಯ ಅಂಕಗಳನ್ನು ಕೂಡಿಸಿ ಮೇಲಿನ ಇಬ್ಬರನ್ನು ಮುಂದಿನ ಹಂತಕ್ಕೆ ಆರಿಸುತ್ತಾರೆ. ಒಂದು ಊರು ತಪ್ಪಿದರೆ ಎರಡು ವರ್ಷದ ದುಡಿಮೆ ನೀರಿಗೆ ಹೋದಂತೆ.

ಊರಿನವರ ಪಾಲಿಗೆ ಬರುವುದು ಉಳಿದದ್ದೆಲ್ಲ. ಹೋಟೆಲಿನಲ್ಲಿ ಒಂದೇ ಅಳತೆಯ ಹನ್ನೆರಡು ಕೋಣೆಗಳು ಬೇಕು; ಒಬ್ಬಳಿಗೆ ಬೀದಿಯ ಕಡೆಯ ಕಿಟಕಿ, ಇನ್ನೊಬ್ಬಳಿಗೆ ಗೋಡೆಯ ಕಡೆಯ ಕಿಟಕಿ ಬಂದರೆ ಬೆಳಗಿನ ತಿಂಡಿಗೆ ಮೊದಲೇ ದೂರು ಬರುತ್ತದೆ. ದೀಪದ ಬೆಳಕು ಮಣೆಯ ಮೇಲೆ ಹೊಳೆಯಬಾರದು, ನೆರಳೂ ಬೀಳಬಾರದು. ಫೋನು, ಕೈಗಡಿಯಾರ, ಪೆನ್ನು ಎಲ್ಲವನ್ನೂ ಬಾಗಿಲಲ್ಲಿ ಬಿಡಿಸಿ, ಮೈಗೆ ತಪಾಸಣೆಯ ಕೋಲು ಆಡಿಸಿ ಒಳಗೆ ಬಿಡಬೇಕು. ಆಟ ನಡೆಯುವಾಗ ಆಟಗಾರ್ತಿ ಹೊರಗಿನ ಯಾರೊಡನೆಯೂ ಮಾತಾಡುವಂತಿಲ್ಲ. ಇಂದಿನ ದಿನಗಳಲ್ಲಿ ಒಂದು ಕೆಮ್ಮಿನಲ್ಲಿಯೂ ನಡೆಯೊಂದನ್ನು ದಾಟಿಸಬಹುದು ಎಂಬ ಅನುಮಾನ ಎಲ್ಲರಿಗೂ ಇದೆ.

ಈ ಏರ್ಪಾಡಿನ ನಡುವೆ ಒಂದು ದಿನ ಫೋನು ಬಂತು. ಆಟಗಾರ್ತಿಯೊಬ್ಬಳಿಗೆ ಐದು ತಿಂಗಳ ಮಗು. ಎದೆಹಾಲು ಬಿಟ್ಟು ಬೇರೇನನ್ನೂ ಬಾಯಿಗಿಡುತ್ತಿಲ್ಲ. ಆಟದ ನಡುವೆ ಹಾಲೂಡಿಸಲು ಅವಕಾಶ ಉಂಟೇ, ಇಲ್ಲದಿದ್ದರೆ ಈಗಲೇ ಹೆಸರು ಹಿಂತೆಗೆದುಕೊಳ್ಳುತ್ತೇನೆ ಎಂದಳು. ಸಂಚಾಲಕಿ ಯಾರನ್ನೂ ಕೇಳದೆ, "ನೀವು ಬನ್ನಿ, ನಾವು ನೋಡ್ಕೋತೀವಿ" ಎಂದುಬಿಟ್ಟರು.

"ಹೇಳಿದ ಮೇಲೆ ಕೂತು ಯೋಚನೆ ಮಾಡ್ದೆ. ನಾವು ಅಂದ್ರೆ ಯಾರು? ಸಂಘದಲ್ಲಿ ನಾನೇ ನಾವು."

ಮುಖ್ಯ ತೀರ್ಪುಗಾರರು ವಯಸ್ಸಾದವರು, ಬೇರೆ ದೇಶದವರು. ಅವರು ಒಪ್ಪಿದರು, ಆದರೆ ಷರತ್ತುಗಳೊಡನೆ. ಮಗು ಆಟದ ಆವರಣದೊಳಗಿನ ಕೋಣೆಯಲ್ಲೇ ಇರಬೇಕು. ಮಣೆಯ ಪಕ್ಕದಲ್ಲಿ ತಾಯಿಯ ಪಾಲಿನ ಹೊತ್ತು ಎಣಿಸುವ ಗಡಿಯಾರ ಹಾಲೂಡಿಸುವಾಗಲೂ ನಿಲ್ಲುವುದಿಲ್ಲ. ಮಗುವಿಗೂ ಅದರ ಚೀಲಕ್ಕೂ ದಿನವೂ ತಪಾಸಣೆ. ಮುಖ್ಯವಾದದ್ದು ಕೊನೆಯದು: ಮಗುವನ್ನು ಹಿಡಿದುಕೊಳ್ಳುವವರಿಗೆ ಚದುರಂಗ ಬರಕೂಡದು.

ಆಟಗಾರ್ತಿಯ ಗಂಡ ತರಬೇತುದಾರ. ಅವಳ ತಾಯಿಯೇ ಅವಳಿಗೆ ಆಟ ಕಲಿಸಿದವಳು. ಅಕ್ಕತಂಗಿಯರೂ ಆಡುವವರೇ. "ಆ ಮನೆ ಬೆಕ್ಕಿಗೂ ಆಟ ಬರ್ತಿತ್ತೇನೋ" ಎನ್ನುತ್ತಾರೆ ಸಂಚಾಲಕಿ. ಸಂಘದ ಸ್ವಯಂಸೇವಕರಂತೂ ಒಬ್ಬರಾದ ಮೇಲೊಬ್ಬರು ಅನರ್ಹರಾದರು. ಕೊನೆಗೆ ಅವರು ನಾದಿನಿಯ ಹೊಲಿಗೆ ಅಂಗಡಿಗೆ ಹೋದರು.

"ನಿನಗೆ ಚದುರಂಗ ಬರುತ್ತಾ?"

"ಇದೇನತ್ತಿಗೆ ಹೊಸದಾಗಿ ಕೇಳ್ತೀರ? ನಿಮ್ಮನೆಗೆ ಬಂದಾಗೆಲ್ಲ ಆ ಮಣೆ ಧೂಳು ಹೊಡೆದಿದ್ದು ನಾನು. ಮುಖ ನೋಡಿದ್ರೆ ಕುದುರೆ ಯಾವುದು ಅಂತ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ನನಗೆ ಉಪ್ಪಿನ ಡಬ್ಬಿ ಇದ್ದಂಗೆ."

"ಹಂಗಾದ್ರೆ ನೀನೇ ಬೇಕು."

"ನೋಡಿದ್ರಾ, ನನ್ನ ದಡ್ಡತನಕ್ಕೂ ಒಂದು ನೌಕರಿ ಸಿಕ್ತು!"

ಪಂದ್ಯಾವಳಿ ಶುರುವಾಯಿತು. ಸ್ವಯಂಸೇವಕರು ಆ ಆಟಗಾರ್ತಿಯನ್ನು ತಮ್ಮತಮ್ಮಲ್ಲೇ 'ಬಾಣಂತಿ ಮೇಡಂ' ಎಂದು ಕರೆಯತೊಡಗಿದರು. ಬಾಗಿಲಲ್ಲಿ ಮಗುವಿನ ಮೇಲೆ ತಪಾಸಣೆಯ ಕೋಲು ಆಡಿಸಿದರೆ ಅದು ಆ ಕೋಲನ್ನೇ ಹಿಡಿದು ಬಾಯಿಗೆ ಎಳೆದುಕೊಳ್ಳುತ್ತಿತ್ತು. ಬಾಣಂತಿ ಮೇಡಂ ಒಂದು ನಡೆ ನಡೆದು, ಎದ್ದು, ಪಕ್ಕದ ಕೋಣೆಗೆ ಹೋಗಿ ಹಾಲೂಡಿಸಿ ಬರುವಳು. ಬಂದು ನೋಡಿದರೆ ಅವಳ ಗಡಿಯಾರದಲ್ಲಿ ಹೊತ್ತು ಕರಗಿರುತ್ತಿತ್ತು. ಆದರೂ ಸೋಲುಗಳಿಗಿಂತ ಗೆಲುವುಗಳೇ ಹೆಚ್ಚಿದ್ದವು. ಸರಣಿಯ ಒಟ್ಟು ಅಂಕದಲ್ಲಿ ಅವಳು ಎರಡನೆಯ ಸ್ಥಾನದ ಸಮೀಪದಲ್ಲಿದ್ದಳು.

ಸಂಚಾಲಕಿಯ ದಿನಗಳು ಒಂದರೊಳಗೊಂದು ಬೆರೆತುಹೋದವು. ಒಬ್ಬಳ ಸೂಟ್‌ಕೇಸ್ ಬೇರೆ ದೇಶಕ್ಕೆ ಹೋಗಿತ್ತು. ಒಬ್ಬಳಿಗೆ ದಿಂಬು ಎತ್ತರವಾಯಿತು. ಓಡಾಡಿ ಓಡಾಡಿ ಸಂಚಾಲಕಿಯ ಕಾಲು ಬಾತು ಚಪ್ಪಲಿಯ ಪಟ್ಟಿ ಹಾಕಲಾಗುತ್ತಿರಲಿಲ್ಲ. ಗಂಡ ಫೋನು ಮಾಡಿ, "ಈ ಮನೆಗೆ ಇವತ್ತು ಬರ್ತೀಯೋ, ಇಲ್ಲ ನಾನೂ ಒಂದು ಟಿಕೆಟ್ ತಗೊಂಡು ಬಂದು ನಿನ್ನ ನೋಡಬೇಕೋ?" ಎಂದು ಕೇಳಿದರಂತೆ. ಆಯಾಸ ಎಂಬ ಪದವನ್ನು ಅವರು ನನ್ನೆದುರು ಒಮ್ಮೆಯೂ ಬಳಸಲಿಲ್ಲ.

ಒಂಬತ್ತನೆಯ ಸುತ್ತಿನಲ್ಲಿ ಎಡವಟ್ಟಾಯಿತು. ಬಾಣಂತಿ ಮೇಡಂ ಹಾಲೂಡಿಸಲು ಕೋಣೆಗೆ ಹೋದವಳು ಮಗುವನ್ನು ಎತ್ತಿಕೊಳ್ಳದೆಯೇ ಹಿಂದಿರುಗಿ, ನೇರ ಮುಖ್ಯ ತೀರ್ಪುಗಾರರ ಮೇಜಿಗೆ ಬಂದಳು. "ದಯವಿಟ್ಟು ಒಳಗೆ ಬಂದು ನೋಡಿ. ನಾನು ನೋಡಬಾರದ್ದನ್ನ ನೋಡಿದೆ."

ತೀರ್ಪುಗಾರರು ಗಡಿಯಾರ ನಿಲ್ಲಿಸಿ ಒಳಹೋದರು. ಹಿಂದೆಯೇ ಸಂಚಾಲಕಿ. ನೆಲದ ಮೇಲೆ ಮಗುವಿನ ಚೌಕುಳಿ ಹೊದಿಕೆ ಹಾಸಿತ್ತು. ಚೌಕಗಳಲ್ಲಿ ಅಂಗಿಯ ಗುಂಡಿಗಳು: ಒಂದು ಕಡೆ ಬಿಳಿಯವು, ಒಂದು ಕಡೆ ಕಪ್ಪು; ದೊಡ್ಡವು ರಾಜ, ರಾಣಿ, ಚಿಕ್ಕವು ಪದಾತಿಗಳು. ಹೊರಗೆ ಅದೇ ಗಳಿಗೆಯಲ್ಲಿ ನಡೆಯುತ್ತಿದ್ದ ಬಾಣಂತಿ ಮೇಡಂ ಆಟವೇ ಅಲ್ಲಿ ಹಾಸಿಕೊಂಡಿತ್ತು. ಸಾಲದ್ದಕ್ಕೆ, ಅವಳ ಮುಂದಿನ ನಡೆ ಯಾವುದಿರಬೇಕೆಂದು ನಾದಿನಿ ಒಂದು ಬಿಳಿ ಗುಂಡಿಯನ್ನು ಮುಂದಕ್ಕೂ ಸರಿಸಿದ್ದರು.

ತಪ್ಪು ನಾದಿನಿಯದಲ್ಲ. ಕೋಣೆಗೆ ಬೀಗ ಹಾಕಿಸಿದ್ದರು, ಪರದೆ ಕಟ್ಟಿಸಿದ್ದರು, ಪ್ಲಗ್ಗುಗಳನ್ನು ಸಹ ಮುಚ್ಚಿಸಿದ್ದರು. ಗೋಡೆಯ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಗೋಡೆಯ ಆಚೆ, ನೋಡಲು ಬಂದ ಶಾಲಾ ಮಕ್ಕಳಿಗಾಗಿ ಒಬ್ಬ ಮೇಷ್ಟ್ರು ಸಭಾಂಗಣದಲ್ಲಿ ನಡೆಯುತ್ತಿದ್ದ ಆಟಗಳನ್ನು ಆಗಿಂದಾಗ್ಗೆ, ನಡೆನಡೆಯಾಗಿ ವಿವರಿಸುತ್ತಿದ್ದರು. ಆನೆ ನೇರ ಹೋಗುತ್ತದೆ, ಒಂಟೆ ಓರೆ ಹೋಗುತ್ತದೆ ಎಂದು ಅ ಆ ಇ ಈಯಿಂದ ಶುರುಮಾಡಿ, ದಿನದಿನವೂ ಬಿಡಿಸಿ ಹೇಳುವ ಮೇಷ್ಟ್ರು. ಎರಡನೆಯ ದಿನವೇ ಆಟ ಹತ್ತಿತ್ತು ಎನ್ನುತ್ತಾರೆ ನಾದಿನಿ. ಅಷ್ಟು ಬೇಗ ಸಾಧ್ಯವಿಲ್ಲ ಎಂಬುದು ಸಂಚಾಲಕಿಯ ವಾದ.

"ನಿನಗೆ ಆಟ ಬರಲ್ಲ ಅಂದಿದ್ದೆಯಲ್ಲೇ!"

"ಅವಾಗ ಬರ್ತಿರ್ಲಿಲ್ಲ ಅತ್ತಿಗೆ. ಮಗು ಮಲಗಿದ ಮೇಲೆ ಏನು ಮಾಡ್ಲಿ? ಗೋಡೆ ನೋಡ್ಕೊಂಡು ಕೂರ್ಲಾ? ಗೋಡೆನೇ ಮಾತಾಡ್ತಿತ್ತು."

ತೀರ್ಪುಗಾರರು ಮಂಡಿಯೂರಿ ಗುಂಡಿಗಳನ್ನು ದಿಟ್ಟಿಸಿದರು. ಸಂಚಾಲಕಿ ಅವರ ಮುಖವನ್ನೇ ನೋಡುತ್ತಿದ್ದರು. ಆಟಗಾರ್ತಿಗೆ ಸೋಲು ಕೊಟ್ಟು ಹೊರಹಾಕಿದರೆ ಅಲ್ಲಿಗೆ ಅವಳ ಸರಣಿ ಮುಗಿಯಿತು. ಬನ್ನಿ ಎಂದು ಕರೆದವರು ತಾವು. ಆಮೇಲೆ ತೀರ್ಪುಗಾರರು ಎದ್ದು, ಆಟಗಾರ್ತಿ ತಾನಾಗಿಯೇ ಬಂದು ತಿಳಿಸಿದ್ದಾಳೆ, ಮೇಲಾಗಿ ಈ ನಡೆ ನಡೆದರೆ ರಾಣಿಯೇ ಹೋಗುತ್ತದೆ, ಇದರಿಂದ ಯಾರಿಗೂ ಲಾಭವಿಲ್ಲ, ಆಟ ಮುಂದುವರಿಯಲಿ ಎಂದರು. ಎದುರಾಳಿಯೂ ಬಂದು ಗುಂಡಿಗಳನ್ನು ನೋಡಿ, ತುಟಿ ಕಚ್ಚಿ ನಗು ತಡೆದುಕೊಂಡು ಒಪ್ಪಿದಳು. ನಾದಿನಿ ಮಾತ್ರ ಅಂದಿನಿಂದಲೇ ಹೊರಗೆ.

ಹೊರಹಾಕಿದ್ದಕ್ಕೆ ನಾದಿನಿಗೆ ಬೇಸರವಿರಲಿಲ್ಲ. "ರಾಣಿ ಹೋಗುತ್ತೆ ಅಂದ್ರಲ್ಲ, ಹೋಗ್ಲಿ, ಎರಡು ನಡೆ ಆದ್ಮೇಲೆ ವಾಪಸ್ ಬರ್ತಿತ್ತು. ಅವರು ಪೂರ್ತಿ ನೋಡ್ಲೇ ಇಲ್ಲ" ಎಂದು ನನ್ನೊಡನೆಯೂ ವಾದಿಸಿದರು. ಈ ವಿಷಯದಲ್ಲಿ ನಾನು ತೀರ್ಮಾನ ಕೊಡಲಾರೆ.

ಆ ದಿನದ ಉಳಿದ ಹೊತ್ತು ಹೇಗೋ ಕಳೆಯಿತು. ಇನ್ನೆರಡು ಸುತ್ತು ಬಾಕಿ. ಸಂಜೆ ಬಾಣಂತಿ ಮೇಡಂ ಹೋಟೆಲಿನ ಮೆಟ್ಟಿಲ ಮೇಲೆ ಕೂತು, "ನಾನು ಬಿಟ್ಟು ಹೊರಡ್ತೀನಿ. ನಿಮಗೂ ಸಾಕಾಗಿದೆ" ಎಂದಳು.

"ಬಿಟ್ಟು ಹೋದ್ರೆ ಉಳಿದ ಇಬ್ಬರಿಗೆ ಆಡದೇನೇ ಅಂಕ ಸಿಗುತ್ತೆ, ಮಿಕ್ಕವರು ನನ್ನನ್ನ ಹರಿದು ತಿಂತಾರೆ" ಎಂದರು ಸಂಚಾಲಕಿ. ಅದು ನಿಜವಾದ ಕಾರಣವಾಗಿರಲಿಲ್ಲ ಎಂದು ಈಗ ಹೇಳುತ್ತಾರೆ. "ಬನ್ನಿ ಅಂದವಳು ನಾನು. ಹೋಗಿ ಅಂತ ಹೇಗೆ ಅನ್ಲಿ?"

ಅವರಿಗೆ ಹೊಳೆದ ಉಪಾಯ ಮನೆಯಲ್ಲಿ ಮಕ್ಕಳಿಗೆ ತಿಂಡಿ ಹಂಚುವ ಉಪಾಯವೇ: ಒಬ್ಬ ಮುರಿಯಬೇಕು, ಇನ್ನೊಬ್ಬ ಆರಿಸಿಕೊಳ್ಳಬೇಕು. ಮಗುವನ್ನು ಯಾರು ಹಿಡಿಯಬೇಕೆಂದು ಆ ದಿನದ ಎದುರಾಳಿಯೇ ಆರಿಸಲಿ. ಅವಳೇ ಆರಿಸಿದ ಮೇಲೆ ಅವಳು ದೂರುವುದೇನು? ತೀರ್ಪುಗಾರರು ಒಪ್ಪಿದರು. ಈ ಸಲ ಕೋಣೆಯನ್ನು ಬದಲಿಸಿ, ಯಾರ ಗೋಡೆಗೂ ತಾಗದ ಸಾಮಾನಿನ ಕೋಣೆಯೊಂದನ್ನು ತೆರವು ಮಾಡಿಸಿದರು.

ಹತ್ತನೆಯ ಸುತ್ತಿನ ಎದುರಾಳಿ ಹದಿನೇಳರ ಹುಡುಗಿ. ಅವಳು ತನ್ನ ತಾಯಿಯನ್ನೇ ಆರಿಸಿದಳು. ಮಗಳ ಜೊತೆ ದೇಶದೇಶ ಸುತ್ತಿಯೂ ಒಂದು ನಡೆಯನ್ನೂ ಕಲಿಯದೆ ಉಳಿದ ಹೆಂಗಸು ಆಕೆ. "ಎದುರಾಳಿ ಕಡೆಯವರು, ಬೇಕೂಂತ ಮಗೂನ ಚಿವುಟಿ ಅಳಿಸಿದ್ರೆ?" ಎಂದು ಸ್ವಯಂಸೇವಕನೊಬ್ಬ ಕೇಳಿದ. "ನಿಮ್ಮಮ್ಮ ಹಂಗೆ ಮಾಡ್ತಾರಾ? ಬಾಯ್ಮುಚ್ಕೊಂಡು ಲೋಟ ಎತ್ತಿಡು" ಎಂದರು ಸಂಚಾಲಕಿ. ಸಾಮಾನಿನ ಕೋಣೆಯಿಂದ ಆಟ ಮುಗಿಯುವವರೆಗೆ ಬೇರೆ ಭಾಷೆಯ ಜೋಗುಳವೊಂದು ಕೇಳುತ್ತಿತ್ತು. ಬಾಣಂತಿ ಮೇಡಂ ಗೆದ್ದಳು. ಸೋತ ಹುಡುಗಿಯ ತಾಯಿ ಮಗುವನ್ನು ಕೊಡಲು ಮನಸ್ಸಿಲ್ಲದೆ ಇನ್ನೂ ಸ್ವಲ್ಪ ಹೊತ್ತು ಎತ್ತಿಕೊಂಡೇ ಇದ್ದಳು.

ಕೊನೆಯ ಸುತ್ತಿನ ಎದುರಾಳಿ ಕಣದಲ್ಲಿ ಎಲ್ಲರಿಗಿಂತ ಹಿರಿಯಳು, ಒಂಟಿಯಾಗಿ ಬಂದವಳು, ಯಾರನ್ನೂ ನಂಬದವಳು. ಸ್ವಯಂಸೇವಕರು ಅವಳನ್ನು 'ಹೆಡ್ ಮೇಡಂ' ಎನ್ನುತ್ತಿದ್ದರು. ಆರಿಸಿರೆಂದಾಗ ಅವಳು ಸುತ್ತ ನೋಡಿ ಸಂಚಾಲಕಿಯ ಕಡೆ ಬೆರಳು ಮಾಡಿದಳು.

"ನನಗೆ ಆಟ ಬರುತ್ತೆ ಮೇಡಂ" ಎಂದರು ಇವರು.

"ಬರಬಹುದು. ಬಂದಾಗಿನಿಂದ ನಿಮ್ಮನ್ನ ನೋಡ್ತಾ ಇದ್ದೀನಿ. ನೀವು ದೀಪ ನೋಡ್ತೀರಿ, ಬಾಗಿಲು ನೋಡ್ತೀರಿ, ನೀರಿನ ಬಾಟ್ಲಿ ನೋಡ್ತೀರಿ. ಒಂದು ಮಣೆ ಕಡೆ ಕಣ್ಣೆತ್ತಿದ್ದನ್ನ ನಾನು ಕಾಣಲಿಲ್ಲ. ನಿಮ್ಮಿಂದ ನನಗೆ ಭಯ ಇಲ್ಲ."

ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ ಎಂದು ಸಂಚಾಲಕಿ ಹೇಳಿದರು. ಮಾತು ನಿಜವಾಗಿತ್ತು. ಅಷ್ಟು ಆಟಗಳಲ್ಲಿ ಒಂದನ್ನೂ ಅವರು ನೋಡಿರಲಿಲ್ಲ. ಎದುರಾಳಿಯೇ ಒಪ್ಪಿದ ಮೇಲೆ ತೀರ್ಪುಗಾರರೂ ತಮ್ಮ ಷರತ್ತನ್ನು ಬಿಟ್ಟುಕೊಟ್ಟರು.

ಸಂಜೆ ಸಮಾರೋಪ; ಮೈಕಿನವರು, ಬಸ್ಸಿನವರು, ಹೋಟೆಲಿನವರು ಎಲ್ಲರೂ ಅವರ ಫೋನಿಗೇ ಬೀಳುವವರು. ಆ ಫೋನನ್ನು ಬಾಗಿಲಲ್ಲಿ ನಾದಿನಿಯ ಕೈಗೆ ಕೊಟ್ಟು, ಮೈ ತಪಾಸಣೆ ಮಾಡಿಸಿಕೊಂಡು ಒಳಹೋದರು. ನಾದಿನಿ ಅಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟರಂತೆ: "ಅತ್ತಿಗೆ ಮಗು ಹಿಡ್ಕೊಂಡಿದ್ದಾರೆ, ಸಿಗಲ್ಲ. ಅಷ್ಟು ಅವಸರ ಇದ್ರೆ ನೀವೇ ಮಾಡ್ಕೊಳ್ಳಿ." ಅವರು ಮಾಡಿಕೊಂಡರು ಕೂಡ.

ಸಾಮಾನಿನ ಕೋಣೆಯಲ್ಲಿ ಒಂದು ಹಾಸಿಗೆ, ಒಂದು ದೀಪ. ಬಾಣಂತಿ ಮೇಡಂ ಒಮ್ಮೆ ಬಂದು ಹಾಲೂಡಿಸಿ ಹೋದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಸಂಚಾಲಕಿ ಗೋಡೆಗೆ ಒರಗಿದರು. ಅದರ ಉಸಿರು ಕತ್ತಿಗೆ ತಾಗುತ್ತಿದ್ದುದಷ್ಟೇ ಅವರ ನೆನಪು. ಮುಂದಿನದು ಅವರು ಆಮೇಲೆ ಆಟಗಾರ್ತಿಯಿಂದ ಕೇಳಿ ತಿಳಿದದ್ದು. ಎರಡನೆಯ ಸಲ ಅವಳು ಬಂದಾಗ ಇಬ್ಬರೂ ನಿದ್ದೆಯಲ್ಲಿದ್ದರು. ಬಾಗಿಲು ಮುಂದಕ್ಕೆ ಮಾಡಿ ಹೋಗಿ, ಇಡೀ ಪಂದ್ಯಾವಳಿಯಲ್ಲಿ ಮೊದಲ ಸಲ, ಗಡಿಯಾರದ ಕಡೆ ನೋಡದೆ ಆಡಿದಳು.

ಸಂಚಾಲಕಿಗೆ ಎಚ್ಚರವಾದಾಗ ಮಗು ತೊಡೆಯ ಮೇಲೆ ಜಾರಿ ಮಲಗಿತ್ತು. ಪಕ್ಕದಲ್ಲಿ, ನೆಲದ ಮೇಲೆ, ಬೂಟು ಕಳಚಿ ಅದರ ತಾಯಿ ಕೂತಿದ್ದಳು. ಎಷ್ಟು ಹೊತ್ತಿನಿಂದ ಎಂದು ತಿಳಿಯದು.

"ಏಳಿಸಬಾರದಿತ್ತಾ? ಆಟ?"

"ಮುಗೀತು. ಎಲ್ಲ ಸುತ್ತೂ ಆಡಿದೆ."

"ಏನಾಯ್ತು?"

"ಆಮೇಲೆ ಹೇಳ್ತೀನಿ" ಎಂದಳು ಅವಳು. "ಮಲಗಿ."

ಸಂಚಾಲಕಿ ಮಗುವಿನ ತಲೆಯ ಕೆಳಗೆ ಕೈ ಸರಿಪಡಿಸಿಕೊಂಡು, ಕಣ್ಣು ಮುಚ್ಚಿದರು.